ಬಾಗಿಲ ಹಿಂದೆ ಉಳಿದ ಆರನೇ ತುಂಡು

ನಾನು ಬದುಕಿನಲ್ಲಿ ಮೊದಲು ಓದಿದ ಕಥೆಯಲ್ಲಿ ಒಬ್ಬ ಮುದುಕ ಮೊದಲು ಸತ್ತ, ಆಮೇಲೆ ಹಾಸಿಗೆ ಹಿಡಿದ, ಅದಾದ ಮೇಲೆ ಎದ್ದು ಕೂತು ಎರಡು ಜೋಳದ ರೊಟ್ಟಿ ತಿಂದ. ಇದರಲ್ಲಿ ನನಗಾಗಲಿ, ಪಕ್ಕದಲ್ಲಿ ಕೂತು ಕೇಳುತ್ತಿದ್ದ ಖಾಲಾಗಾಗಲಿ ಏನೂ ತಪ್ಪು ಕಾಣಲಿಲ್ಲ. ಪುಸ್ತಕದ ಜನ ಹೀಗೇ ಇರುತ್ತಾರೇನೋ ಅಂದುಕೊಂಡೆವು. ನಮ್ಮ ಅತ್ತೆಗೆ ಹೋಗಿ ಹೇಳಿದಾಗ ಅವರು ಕಂಡಿಕೆಗೆ ನೂಲು ಸುತ್ತುವ ರಾಟೆ ನಿಲ್ಲಿಸಿ ನನ್ನ ಮುಖ ನೋಡಿದರು. "ಸತ್ತಾವ ರೊಟ್ಟಿ ಹೆಂಗ ತಿಂದನ? ನಿಮ್ಮ ತವರು ಗದ್ವಾಲದಾಗ ಹಂಗ ತಿಂತಾರೇನು?" ಅಂದರು.

ಆದದ್ದು ಇಷ್ಟೇ. ಖಾಲಾ ಅಂದರೆ ನಮ್ಮ ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳು. ಓಣಿಯ ಎಲ್ಲರಿಗೂ ಅವರು ಖಾಲಾ, ಚಿಕ್ಕಮ್ಮ. ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಮಾತಾಡುತ್ತಿದ್ದರು, ಕನ್ನಡ ಓದಲು ಬರುತ್ತಿರಲಿಲ್ಲ. ನನಗೆ ಆಗಷ್ಟೇ ಕನ್ನಡ ಅಕ್ಷರ ಕೂಡಿಸಲು ಬಂದಿತ್ತು, ಆದರೆ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದಿರಲಿಲ್ಲ. ಪುಸ್ತಕವನ್ನು ಹೇಗೆ ಹಿಡಿಯಬೇಕು, ಹೇಗೆ ತೆರೆಯಬೇಕು ಎಂದು ಅವರೇ ತೋರಿಸಿದರು. ಅವರು ತೆರೆದದ್ದು ಉರ್ದು ಪುಸ್ತಕ ತೆರೆಯುವ ಕಡೆಯಿಂದ. ನಾನು ಕೊನೆಯ ಪುಟ ಓದಿ, ಅದರ ಹಿಂದಿನ ಪುಟ ಓದಿ, ಹೀಗೆ ಹಿಂದೆ ಹಿಂದೆ ನಡೆದೆ. ರಟ್ಟಿದ್ದರೆ ಗೊತ್ತಾಗುತ್ತಿತ್ತು, ನಮ್ಮ ಕೈಯಲ್ಲಿದ್ದದ್ದು ರಟ್ಟಿಲ್ಲದ ತುಂಡು.

ತುಂಡು ಏಕೆ ಎಂಬುದನ್ನು ಹೇಳಬೇಕಾದರೆ ಅಂಗಡಿಯವರ ಕಥೆ ಹೇಳಬೇಕು.

ನಾನು ಹುಟ್ಟಿದ್ದು ಗದ್ವಾಲದಲ್ಲಿ, ನೇಕಾರರ ಮನೆಯಲ್ಲಿ. ತವರಿನಲ್ಲಿ ನಾವಾಡುತ್ತಿದ್ದದ್ದು ತೆಲುಗು. ಹದಿನಾರಕ್ಕೆ ನಾರಾಯಣಪೇಟೆಯ ಸೊಸೆಯಾಗಿ ಬಂದೆ. ಇಲ್ಲಿಯ ಮಗ್ಗವೂ ಬೇರೆ, ಮನೆಯ ಮಾತೂ ಬೇರೆ. ಗದ್ವಾಲದಲ್ಲಿ ಸೀರೆಯ ಒಡಲು ನೂಲಿನದು, ಅಂಚು ರೇಷ್ಮೆಯದು. ಎರಡನ್ನೂ ಎಳೆ ಎಳೆಯಾಗಿ ಕೂಡಿಸಿಕೊಂಡೇ ನೇಯುತ್ತಾರೆ. ನಾರಾಯಣಪೇಟೆಯಲ್ಲಿ ಮಗ್ಗಕ್ಕೆ ಒಂದೇ ಉದ್ದನೆಯ ಹಾಸು ಏರಿಸಿ, ಸಾಲಾಗಿ ಎಂಟು ಸೀರೆ ನೇಯ್ದು, ಆಮೇಲೆ ಕತ್ತರಿಸಿ ಬೇರೆ ಮಾಡುತ್ತಾರೆ. "ನೀವು ಕೂಡಸಾವ್ರು, ನಾವು ಕತ್ತರಸಾವ್ರು" ಎಂದು ಅತ್ತೆ ನನ್ನನ್ನು ಚುಚ್ಚುತ್ತಿದ್ದರು. ಅವರ ಚುಚ್ಚು ಮಾತಿಗೆ ನಾನೂ ಬಾಯಿ ಮುಚ್ಚಿಕೊಂಡು ಕೂರುವವಳಲ್ಲ.

ನಮ್ಮ ಓಣಿ ಪೇಟೆಗೆ ಕೂಡುವ ಕಡೆ ಒಂದು ಪುಸ್ತಕದ ಅಂಗಡಿ ಇತ್ತು. ಪುಸ್ತಕದ ಅಂಗಡಿ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಶಾಲೆಯ ಉರ್ದು ಪುಸ್ತಕ, ಪಂಚಾಂಗ, ಪಾಟಿ, ಬಳಪ, ಮಸಿಯ ಪುಡಿ, ಅದರ ಪಕ್ಕದಲ್ಲೇ ಕುಂಕುಮದ ಪೊಟ್ಟಣ. ಕನ್ನಡದ್ದು ಒಂದು ಮೊಳದಷ್ಟು ಸಾಲು. ನಿಜಾಮರ ಸೀಮೆಯಲ್ಲಿ ಕಚೇರಿಯೂ ಶಾಲೆಯೂ ಉರ್ದುವಿನಲ್ಲಿ. ಕನ್ನಡದ ಪುಸ್ತಕ ರಾಯಚೂರಿನ ಕಡೆಯಿಂದ ಯಾರದೋ ಗಂಟಿನಲ್ಲಿ ಬರಬೇಕಿತ್ತು. ಅಂಗಡಿಯವರು ಕೂಡ ನೇಕಾರರ ಮಗನೇ. ಒಂದು ಕಾಲು ಸೊಟ್ಟಗಿದ್ದುದರಿಂದ ಮಗ್ಗದ ಕುಣಿಗೆ ಇಳಿಯಲಾಗದೆ ಅಂಗಡಿ ಹಾಕಿಕೊಂಡಿದ್ದರು. ಮಾತು ಒರಟು, ಮುಖ ಯಾವಾಗಲೂ ಗಂಟು.

ಆ ಗಂಟುಮುಖದವರು ಮಾಡುತ್ತಿದ್ದ ಕೆಲಸ ಕೇಳಿ. ಕೃಷ್ಣಾ ಸ್ಟೇಶನ್ನಿನಿಂದ ಬಂಡಿಯಲ್ಲಿ ಬರುವಾಗ ಪಾಟಿಗಳು ಒಡೆಯುತ್ತಿದ್ದವು. ಒಡೆದ ಪಾಟಿಯನ್ನು ಯಾರೂ ಕೊಳ್ಳುವುದಿಲ್ಲ. ಅವರು ಆ ಚೂರುಗಳ ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ, ಓಣಿಯ ಹೆಂಗಸರಿಗೆ ಹಂಚುತ್ತಿದ್ದರು. ಮಕ್ತಲದ ಸಂತೆಗೆ ಹೋದರೆ ಒಂದು ಚೀಲ ಚೂರು ಅಲ್ಲಿಗೂ ಹೋಗುತ್ತಿತ್ತು. ಸಂಜೆ ದೀಪ ಹಚ್ಚುವ ಮೊದಲು ಅಂಗಡಿಯ ಕಟ್ಟೆಯ ಮೇಲೆ ಕೂತು ಅಕ್ಷರ ತಿದ್ದಿಸುತ್ತಿದ್ದರು. ನಾನು ಕಲಿತದ್ದು ಅಂಗೈಯಗಲದ ಒಂದು ಚೂರಿನ ಮೇಲೆ. ಅದರಲ್ಲಿ ಎರಡೇ ಅಕ್ಷರ ಹಿಡಿಸುತ್ತಿದ್ದವು. ಮೂರನೆಯದು ಬರೆಯಬೇಕಾದರೆ ಮೊದಲನೆಯದನ್ನು ಅಳಿಸಬೇಕು. ಹಾಗಾಗಿ ಅಳಿಸಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ನನಗೆ ಚೆನ್ನಾಗಿ ರೂಢಿಯಾಯಿತು.

ಅಕ್ಷರ ಬಂದ ಮೇಲೆ ಓದಲು ಏನಾದರೂ ಬೇಕಲ್ಲ. ಅಂಗಡಿಯವರು ಒಂದು ದೊಡ್ಡ ಕಥೆಪುಸ್ತಕ ತೆಗೆದರು. ಅದಕ್ಕೆ ರಟ್ಟೂ ಹೆಸರಿನ ಪುಟವೂ ಇರಲಿಲ್ಲ. ಓಣಿಯಲ್ಲಿ ನಮ್ಮದು ಎಂಟು ಮನೆ, ಪುಸ್ತಕ ಒಂದೇ. ಅವರು ಸೀರೆಯನ್ನು ಅಳೆದ ಹಾಗೆ ಪುಸ್ತಕದ ಬೆನ್ನನ್ನು ಬೆರಳಿನಲ್ಲಿ ಅಳೆದು, ದಾರ ಬಿಡಿಸಿ, ಎಂಟು ತುಂಡು ಮಾಡಿದರು. ಹಾಸಿನಿಂದ ಎಂಟು ಸೀರೆ ಇಳಿಸಿದಂತೆ. ಮೊದಲ ತುಂಡು ಓಣಿಯ ಮೂಲೆಯ ಮನೆಗೆ, ಅಂದರೆ ಖಾಲಾ ಮನೆಗೆ. ಎಂಟು ದಿನದ ನಂತರ ಅದು ನಮ್ಮ ಮನೆಗೆ ಬರುತ್ತದೆ, ಖಾಲಾ ಮನೆಗೆ ಎರಡನೆಯದು ಹೋಗುತ್ತದೆ. ಹೀಗೆ ಒಂದರ ಬೆನ್ನಿಗೆ ಒಂದು ತುಂಡು ಓಣಿಯುದ್ದಕ್ಕೂ ನಡೆಯಬೇಕು. ಮುಂದಿನ ಮನೆಯವರು ಬಂದು ಕೇಳಿ ಒಯ್ಯಬೇಕು, ಓದಲು ಬಾರದ ಮನೆಯಲ್ಲಿ ಓದಬಲ್ಲವರು ಹೋಗಿ ಓದಬೇಕು. ಖಾಲಾ ಮನೆಗೆ ಓದುವವಳಾಗಿ ನನ್ನನ್ನು ಗೊತ್ತು ಮಾಡಿದರು.

ಅಳತೆ ಬೆರಳಿನದಾದ್ದರಿಂದ ತುಂಡುಗಳು ವಾಕ್ಯದ ನಟ್ಟನಡುವೆ ಮುಗಿಯುತ್ತಿದ್ದವು. ಒಂದು ಮನೆಯಲ್ಲಿ ಅರ್ಧ ಮಾತು, ಉಳಿದರ್ಧ ಪಕ್ಕದ ಮನೆಯಲ್ಲಿ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಮೂರನೇ ಮನೆಯವರೂ ನಾಲ್ಕನೇ ಮನೆಯವರೂ ಈ ಅರ್ಧ ಮಾತಿಗಾಗಿ ಮಾತಾಡಿದರು. ನಮ್ಮ ಅತ್ತೆ ಮೊದಲು "ಮಗ್ಗದ ಮನ್ಯಾಗ ಕಥಿ ಓದಿದ್ರ ಹಾಸು ಹರೀತೈತಿ" ಎಂದು ಗೊಣಗಿದವರು, ಎರಡನೇ ತುಂಡಿಗೆ ಬರುವಷ್ಟರಲ್ಲಿ ರಾಟೆಯ ಸದ್ದಿಗೆ ಒಂದು ಮಾತು ತಪ್ಪಿದರೆ ಇನ್ನೊಮ್ಮೆ ಓದು ಅನ್ನುತ್ತಿದ್ದರು. ಕಥೆ ಗಂಡನ ಮನೆಯಿಂದ ಹೊರಗೆ ಹಾಕಿದ ಒಬ್ಬ ಸೊಸೆಯದು. ಅತ್ತೆ ಯಾರ ಪಕ್ಷ ಅಂತ ಹೇಳಬೇಕಾಗಿಲ್ಲ.

ಐದನೇ ತುಂಡಿನ ಕೊನೆಯಲ್ಲಿ ಆ ಸೊಸೆ ವರ್ಷಗಳ ಮೇಲೆ ಗಂಡನ ಮನೆಗೆ ಹಿಂತಿರುಗಿ ಬರುತ್ತಾಳೆ. ಕಡೆಯ ಸಾಲು ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ: "ಆಕೆ ಬಾಗಿಲ ಅಗಳಿಗೆ ಕೈ ಹಾಕಿದಳು, ಒಳಗಿನಿಂದ". ಅಷ್ಟೇ. ಒಳಗಿನಿಂದ ಏನು ಬಂತು ಎಂಬುದು ಆರನೇ ತುಂಡಿನಲ್ಲಿತ್ತು. ಅಂಗಡಿಯವರು ಆರನೆಯದನ್ನು ಖಾಲಾ ಕೈಗೆ ಕೊಟ್ಟ ದಿನ ಅವರ ಮನೆಯಲ್ಲಿ ನೆಂಟರಿದ್ದರು. ನಾಳೆ ಬಾ ಬೇಟಿ, ಕೂತು ಓದೋಣ ಅಂದರು.

ಆ ನಾಳೆ ಬರಲಿಲ್ಲ. ಮರುದಿನವೇ ಹಿಂದೂಸ್ತಾನದ ಫೌಜು ನಿಜಾಮರ ಸೀಮೆಯೊಳಗೆ ಬಂತೆಂಬ ಸುದ್ದಿ ಬಂತು. ಅದಕ್ಕೆ ಪೊಲೀಸ್ ಆ್ಯಕ್ಷನ್ ಎಂದು ಹೆಸರು ಅಂತ ಆಮೇಲೆ ತಿಳಿಯಿತು. ಕೆಲವೇ ದಿನದಲ್ಲಿ ಎಲ್ಲ ಮುಗಿದು ರಾಜ್ಯವೇ ಕೈ ಬದಲಾಯಿತು.

ಅದಕ್ಕೆ ಮೊದಲು ಭಯ ನಮ್ಮ ಮನೆಗಳಲ್ಲಿತ್ತು. ಮಕ್ತಲದ ಹತ್ತಿರದ ಹಳ್ಳಿಯಲ್ಲಿ ಅತ್ತೆಯ ತಮ್ಮನನ್ನು ನಿಜಾಮರ ಪರದ ರಜಾಕಾರರು ಹೊಡೆದು ಕೈ ಮುರಿದಿದ್ದರು. ಒಮ್ಮೆ ಅವರ ಗುಂಪು ನಮ್ಮ ಪೇಟೆಗೂ ಬಂದಾಗ ಖಾಲಾ ನನ್ನನ್ನು ತೋಳು ಹಿಡಿದು ತಮ್ಮ ಮನೆಯ ಒಳಕೋಣೆಯಲ್ಲಿ ಕೂರಿಸಿ, ತಾವು ಹೊಸ್ತಿಲ ಮೇಲೆ ನಿಂತರು. ಆ ಗುಂಪು ಹೋಗುವ ತನಕ ನಿಂತೇ ಇದ್ದರು. ಈಗ ಆ ಭಯ ನಮ್ಮ ಮನೆಗಳಿಂದ ಎದ್ದು ಖಾಲಾ ಮನೆಗೆ ಹೋಯಿತು. ಸುತ್ತಲಿನ ಊರುಗಳಿಂದ ಬಂದ ಸುದ್ದಿಯನ್ನು ನಾನಿಲ್ಲಿ ಬರೆಯುವುದಿಲ್ಲ. ಖಾಲಾ ಗಂಡ ಮಕ್ತಲದ ತಹಶೀಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕೆಲಸ ಹೋಗಿ, ನಡೆದುಕೊಂಡು ಮನೆ ಸೇರಿದರು. ಮರುದಿನದಿಂದ ಆ ಮನೆಯ ಬಾಗಿಲು ಮುಚ್ಚಿತು.

ಓಣಿಯಲ್ಲಿ ಯಾರೂ ಅವರಿಗೆ ಕೆಟ್ಟದ್ದು ಮಾಡಲಿಲ್ಲ. ಯಾರೂ ಅವರ ಮನೆಗೆ ಹೋಗಲೂ ಇಲ್ಲ. ಈ ಎರಡನೆಯದನ್ನು ನೆನೆದಾಗ ಮೊದಲನೆಯದರ ಸಮಾಧಾನ ನನಗೆ ಉಳಿಯುವುದಿಲ್ಲ. ಯಾರಾದರೂ ನೋಡಿಯಾರು ಅಂತ ಕೆಲವರು, ಹಳೆಯ ಸಿಟ್ಟಿಗೆ ಕೆಲವರು, ಏನು ಮಾತಾಡಬೇಕೆಂದು ತಿಳಿಯದೆ ಕೆಲವರು. ನಾನು ಈ ಕಡೆಯವರ ಜೊತೆ ಸೇರಿಕೊಂಡೆ. ಹಾಗೆ ಒಂದು ತಿಂಗಳಾಯಿತು, ಎರಡಾಯಿತು. ಹೈದರಾಬಾದಿನಲ್ಲಿರುವ ಅಣ್ಣನ ಮನೆಗೆ ಅವರು ಹೊರಟಿದ್ದಾರೆ, ಮನೆ ಬಿಟ್ಟು ಹೋದರೆ ಮತ್ತೆ ಬರುವುದಿಲ್ಲ ಎಂಬ ಸುದ್ದಿ ಬಂತು. ನನ್ನನ್ನು ಒಳಗೆ ಕೂರಿಸಿ ಹೊಸ್ತಿಲಲ್ಲಿ ನಿಂತವರು ನನ್ನ ಮುಖ ನೋಡದೆ ಊರು ಬಿಡುತ್ತಾರೆ ಅಂದರೆ ನಾನು ಎಂಥವಳು ಅನಿಸಿತು.

ಇತ್ತ ಪುಸ್ತಕವೂ ನಿಂತಿತ್ತು. ಖಾಲಾ ಮನೆಯಲ್ಲಿ ಆರನೆಯದು, ನಮ್ಮಲ್ಲಿ ಐದು, ಆಚೆ ಮನೆಯಲ್ಲಿ ನಾಲ್ಕು, ಹೀಗೆ ಇಡೀ ಓಣಿ ಒಂದು ಬಾಗಿಲ ಹಿಂದೆ ಸಾಲು ನಿಂತಂತಾಗಿತ್ತು. ಐದನೆಯದರ ಕಡೆಯ ಸಾಲನ್ನು ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಒಳಗಿನಿಂದ ಏನು ಬಂದಿರಬಹುದು ಎಂಬುದೇ ನಲ್ಲಿಯಿಲ್ಲದ ಆ ಓಣಿಯ ಬಾವಿಕಟ್ಟೆಯ ಮಾತು. ಕೂಸಿನ ಅಳು ಅಂತ ಒಬ್ಬಳು, ಗಂಡನ ಎರಡನೇ ಹೆಂಡತಿ ಅಂತ ಇನ್ನೊಬ್ಬಳು. ಅತ್ತೆ ಮಾತ್ರ, "ಅತ್ತಿ ಬಂದಿರತಾಳ, ಕೈಯಾಗ ಕಸಬರಿಗಿ ಹಿಡಕೊಂಡು" ಎಂದರು.

ಕೊನೆಗೆ ಹೆಂಗಸರೆಲ್ಲ ಅಂಗಡಿಗೆ ಹೋದೆವು. ಇನ್ನೊಂದು ಪ್ರತಿ ಇದ್ದರೆ ಕೊಡಿ, ಇಲ್ಲ ಬಾಯಲ್ಲಾದರೂ ಹೇಳಿ ಅಂದೆವು. ಅಂಗಡಿಯವರು ಪಂಚಾಂಗದ ಕಟ್ಟು ಬಿಚ್ಚುತ್ತ ತಲೆ ಎತ್ತದೆ, "ಇನ್ನೊಂದು ಪ್ರತಿ ಇಲ್ರಿ. ನನಗ ಕಥಿ ನೆನಪಿಲ್ಲ. ಆರನೇದು ಎಲ್ಲೈತಿ ಅಂತ ನಿಮಗ ಗೊತ್ತೈತಿ, ಅಲ್ಲಿಗೆ ಹೋಗ್ರಿ" ಎಂದರು. "ನೀವs ಹೋಗಿ ತರ್ರಿ" ಅಂದೆ ನಾನು. "ಓದಾಕಿ ನೀನು. ನಾನ್ಯಾಕ ಹೋಗ್ಲಿ?" ಅಂದರು. ಆ ದಿನ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸಿಟ್ಟಿನಲ್ಲೇ ಮರುದಿನ ಮಧ್ಯಾಹ್ನ ಖಾಲಾ ಬಾಗಿಲಿಗೆ ಹೋದೆ. ಒಳಗೆ ಟ್ರಂಕು ಎಳೆಯುವ ಸದ್ದು ಕೇಳಿಸಿತು. ಕೈ ಎತ್ತಿದೆ, ಬಾಗಿಲು ಬಡಿಯಲು ಆಗಲಿಲ್ಲ. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದರೆ ಏನು ಹೇಳಲಿ? ಹಿಂದಕ್ಕೆ ಬಂದು ಅತ್ತೆಗೆ, "ಮನ್ಯಾಗ ಯಾರೂ ಇಲ್ಲ" ಎಂದು ಸುಳ್ಳು ಹೇಳಿದೆ.

ಮಾರನೆಯ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದ ಅತ್ತೆ ಪಕ್ಕದ ಮನೆಯ ಚಾವಣಿಯ ಕಡೆ ನೋಡಿದರು. ಹೊಗೆ ಏಳುತ್ತಿತ್ತು. "ಯಾರೂ ಇಲ್ಲದ ಮನ್ಯಾಗ ಒಲಿ ಹತ್ತೈತೇನು?" ಎಂದು ಕೇಳಿದರು. ಅವರು ಕೊಡ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ನಡಿ" ಎಂದರು. ತಮ್ಮನ ಕೈ ಮುರಿದ ದಿನದಿಂದ ಅವರು ಆ ಮನೆಯವರ ಹತ್ತಿರ ನನ್ನ ಮೂಲಕವೇ ಹೊರತು ನೇರವಾಗಿ ಮಾತಾಡಿರಲಿಲ್ಲ. ನಾನು ಅವರ ಹಿಂದೆ ನಡೆದೆ.

ಅತ್ತೆ ಬಾಗಿಲು ಬಡಿದರು. ಒಳಗೆ ಎಲ್ಲ ಸದ್ದೂ ನಿಂತಿತು. "ಯಾರು?" ಎಂದು ಖಾಲಾ ದನಿ.

"ನಾವs ರೀ, ಬಾಜೂಮನಿಯವ್ರು. ಆರನೇ ತುಂಡು ನಿಮ್ಮಲ್ಲೈತಿ" ಎಂದರು ಅತ್ತೆ.

ಬಾಗಿಲು ಒಂದು ಗೇಣು ತೆರೆಯಿತು. ಖಾಲಾ ಸೊರಗಿದ್ದರು. ಹಿಂದೆ ಹಗ್ಗ ಕಟ್ಟಿದ ಎರಡು ಟ್ರಂಕು, ಸುತ್ತಿಟ್ಟ ಹಾಸಿಗೆ. ಟ್ರಂಕಿನ ಮೇಲೆ ಒಂದು ತುಂಡು ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಕಟ್ಟಿದ ಪುಸ್ತಕದ ತುಂಡು ಇತ್ತು; ಹೊರಡುವಾಗ ಅಂಗಡಿಗೆ ಕೊಡಲೆಂದು ಇಟ್ಟಿದ್ದರು. ಅವರು ಅದನ್ನು ಕೈಗೆ ತೆಗೆದುಕೊಂಡರು, ಆದರೆ ಕೊಡಲಿಲ್ಲ. ನನ್ನನ್ನು ನೋಡಲಿಲ್ಲ; ಅತ್ತೆಯನ್ನೇ ನೋಡಿ ಕೇಳಿದರು: "ಒಯ್ಯಾಕ ಬಂದೀರೋ, ಓದಾಕ ಬಂದೀರೋ?"

ಅತ್ತೆಯ ಕಣ್ಣು ಆ ಟ್ರಂಕುಗಳ ಮೇಲೆ ನಿಂತಿತ್ತು. ಆಮೇಲೆ ಅವರು ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ಆ ಮನೆಯ ನೆಲದ ಮೇಲೆ ಗೋಡೆಗೊರಗಿ ಕೂತರು. "ಓದಾಕ" ಎಂದರು. "ಇಕೀಗೆ ಮುಂದಿನ ಕಡಿಯಿಂದ ಓದಂತ ಹೇಳ್ರಿ."

ನಾನು ಬಟ್ಟೆ ಬಿಚ್ಚಿದೆ. ಐದನೆಯದರ ಕಡೆಯ ಸಾಲನ್ನು ಬಾಯಲ್ಲೇ ಹೇಳಿ, ಆರನೆಯದರ ಮೊದಲ ಸಾಲಿಗೆ ಬಂದೆ. ಆಕೆ ಬಾಗಿಲ ಅಗಳಿಗೆ ಕೈ ಹಾಕಿದಳು, ಒಳಗಿನಿಂದ ಹಾಲು ಸೀದ ವಾಸನೆ ಬಂತು.

ಅತ್ತೆ ನನ್ನ ಕೈಯಲ್ಲಿನ ಕಾಗದವನ್ನು ಅನುಮಾನದಿಂದ ನೋಡಿದರು. "ಹಾಲೇನು? ಎರಡು ತಿಂಗಳು ಕಾದದ್ದು ಸೀದ ಹಾಲಿಗೇನು?" ಎಂದರು. ಖಾಲಾ ಬಾಯಿಗೆ ಸೆರಗು ಒತ್ತಿಕೊಂಡರು. ಭುಜ ಅಲುಗುತ್ತಿತ್ತು, ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. ಆಮೇಲೆ ಅತ್ತರು ಕೂಡ. ನಾನು ಅವರ ಮಡಿಲಲ್ಲಿ ಮುಖ ಇಟ್ಟು, "ತಪ್ಪಾತು ಖಾಲಾ, ನಿನ್ನೆ ಬಂದು ತಿರುಗಿ ಹೋದೆ" ಎಂದೆ. "ಗೊತ್ತೈತಿ. ನಿನ್ನ ಕಾಲ್ಗಡಗದ ಸದ್ದು ನನಗ ತಿಳಿಯಂಗಿಲ್ಲೇನು?" ಎಂದರು.

ಆರನೆಯದು ಮುಗಿಯಲು ನಾಲ್ಕು ದಿನ ಬೇಕಾಯಿತು. ಎರಡನೇ ದಿನ ಮೂರನೇ ಮನೆಯವರು ಬಂದರು, ಮೂರನೇ ದಿನ ಕೂರಲು ಜಾಗ ಸಾಲದೆ ಟ್ರಂಕುಗಳನ್ನು ಒಳಗೆ ಸರಿಸಿದರು. ಹೊರಡುವುದು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅಂಗಡಿಯವರು ಖಾಲಾ ಗಂಡನಿಗೆ ಹೇಳಿ ಕಳಿಸಿದರು: ಕಚೇರಿಯ ಕಾಗದ ಪತ್ರದ ರೀತಿ ಬಲ್ಲವರು ಊರಲ್ಲಿ ಬೇರೆ ಯಾರಿದ್ದಾರೆ, ಕಟ್ಟೆಯ ಮೇಲೆ ಬಂದು ಕೂತು ಜನರ ಅರ್ಜಿ ಬರೆದುಕೊಡಿ ಎಂದು. ಅವರು ಬಂದು ಕೂತರು. ಅರ್ಜಿಯ ಭಾಷೆ ಬದಲಾಗುತ್ತಿತ್ತು. ಆ ದೊಡ್ಡ ಮನುಷ್ಯ, ಮುತ್ತು ಪೋಣಿಸಿದಂಥ ಉರ್ದು ಬರೆಯುವವರು, ನಮ್ಮ ಜೊತೆ ಒಡಕು ಪಾಟಿ ಹಿಡಿದು ಕನ್ನಡ ತಿದ್ದಿದರು. ಟ್ರಂಕಿನ ಹಗ್ಗ ಯಾವಾಗ ಬಿಚ್ಚಿದರೋ ನನಗೆ ಗೊತ್ತಿಲ್ಲ. ಒಂದು ದಿನ ನೋಡಿದರೆ ಆ ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು.

ಆಮೇಲೆ ಎಂಟು ತುಂಡಿನ ಪುಸ್ತಕಗಳು ಇನ್ನೂ ಹಲವು ಬಂದವು. ಸೀರೆಯ ಗಂಟುಗಳ ಜೊತೆ ಗದ್ವಾಲಕ್ಕೆ ತೆಲುಗಿನದೊಂದು ಹೋಯಿತು, ಅದು ನನ್ನ ತವರಿನ ಓಣಿಯಲ್ಲೂ ನಡೆಯಿತು. ಹೈದರಾಬಾದ್ ರಾಜ್ಯ ಒಡೆದು ರಾಯಚೂರು ಒಂದು ಕಡೆ, ನಾವು ಒಂದು ಕಡೆ ಆಗುವ ಹೊತ್ತಿಗೆ ನಾನು ಅಂಗಡಿಯ ಕಪಾಟು ಒರೆಸಿ ಜೋಡಿಸಿಕೊಡುವಷ್ಟು ಬಳಕೆಯವಳಾಗಿದ್ದೆ. ಹಾಗೆ ಒಂದು ದಿನ ಮೇಲಿನ ಸಾಲಿನ ಹಿಂದೆ, ಹಳೆಯ ಪಂಚಾಂಗಗಳ ಮರೆಯಲ್ಲಿ, ನಮ್ಮ ಆ ಮೊದಲ ಪುಸ್ತಕ ಸಿಕ್ಕಿತು. ಇಡಿಯದು. ರಟ್ಟು, ಹೆಸರಿನ ಪುಟ ಎಲ್ಲ ಇತ್ತು. ದೂಳು ನೋಡಿದರೆ ಬಹಳ ವರ್ಷದಿಂದ ಅಲ್ಲೇ ಇದ್ದದ್ದು ತಿಳಿಯುತ್ತಿತ್ತು.

ಅದನ್ನು ಅವರ ಮುಂದೆ ಇಟ್ಟೆ. "ಇನ್ನೊಂದು ಪ್ರತಿ ಇಲ್ಲ ಅಂದಿದ್ರಿ."

"ಅಂದಿದ್ದೆ" ಎಂದರು.

"ಯಾಕ ರೀ?"

"ಕೊಟ್ಟಿದ್ರ ನೀವು ಆ ಬಾಗಲಿಗೆ ಹೋಗ್ತಿದ್ರೇನು?" ಎಂದವರು, ಗಂಟುಮುಖ ಸಡಿಲಿಸಿ ಹೇಳಿದರು. "ನಾನs ಹೋಗಬೇಕಿತ್ತವ್ವ. ನನಗ ಧೈರ್ಯ ಇರಲಿಲ್ಲ. ಅದಕ್ಕ ನಿಮ್ಮನ್ನ ಕಳಿಸಿದೆ."

ಅವರ ಕಾಲಿಗೆ ಬೀಳಬೇಕು ಅನಿಸಿತು. ಅದರ ಬದಲು ಇಷ್ಟು ವರ್ಷ ಬಚ್ಚಿಟ್ಟದ್ದಕ್ಕೆ ಅವರನ್ನು ಚೆನ್ನಾಗಿ ಬೈದೆ. ನನ್ನ ಗುಣವೇ ಹಾಗೆ. ಇವತ್ತು ಬರೆದು ಹೇಳುತ್ತೇನೆ: ನನಗೆ ಅಕ್ಷರ ಕೊಟ್ಟವರು ಅವರು, ಅಕ್ಷರ ಹಿಡಿದು ಎಲ್ಲಿಗೆ ಹೋಗಬೇಕೆಂದು ತೋರಿಸಿದವರೂ ಅವರೇ. ಆ ಋಣ ನನ್ನ ಮೇಲೆ ಹಾಗೇ ಇದೆ, ಇರಲಿ.

ಎಂಟು ತುಂಡುಗಳನ್ನು ಮತ್ತೆ ಹೊಲಿದು ಒಂದು ಮಾಡಿಕೊಡು, ಕೂಡಿಸುವ ಊರಿನವಳು ನೀನು ಎಂದು ಅವರು ನನಗೇ ಕೊಟ್ಟರು. ಏಳನ್ನು ಹೊಲಿದೆ. ಆರನೆಯದನ್ನು ಹೊಲಿಯಲಿಲ್ಲ. ಅದನ್ನು ಅದೇ ಬಟ್ಟೆಯಲ್ಲಿ ಕಟ್ಟಿ ಖಾಲಾಗೆ ಕೊಟ್ಟು ಬಂದೆ. ಅವರು ಇರುವ ತನಕ ಓಣಿಗೆ ಬಂದ ಯಾವ ಹೊಸ ಸೊಸೆಯೂ ಅವರ ಮನೆಗೆ ಹೋಗಿ ಕೂರದೆ ಆ ಕಥೆ ಮುಗಿಸಲಿಲ್ಲ.

ಖಾಲಾ ತೀರಿಕೊಂಡ ಮೇಲೆ ಅವರ ಸೊಸೆ ಆ ಗಂಟನ್ನು ನನಗೆ ತಂದುಕೊಟ್ಟಳು. ಈಗ ಅದು ನನ್ನ ಹತ್ತಿರ ಇದೆ, ಬಟ್ಟೆಯ ಬಣ್ಣ ಹೋಗಿದೆ. ಯಾರಾದರೂ ಕೇಳಿಕೊಂಡು ಬಂದರೆ ನಾನು ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು, ಒಯ್ಯಾಕ ಬಂದೀಯೋ, ಓದಾಕ ಬಂದೀಯೋ ಎಂದು ಕೇಳುತ್ತೇನೆ. ಓದಾಕ ಅಂದವರಿಗೆ ಚಾಪೆ ಹಾಸುತ್ತೇನೆ.